ಒಂದು ಪಂದ್ಯದ ಶಿಕ್ಷೆ ಸಾಕಾ?

ಕೂತ್ಕೊಳ್ಳಿ. ಸತ್ಯವೇದ ತಂದಿರೋರು ಎರಡನೆಯ ಸಮುವೇಲ 12ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಓದೋರು ಅದನ್ನೇ ತೆಗೀರಿ, ಬೇರೆ ಎಲ್ಲೂ ಹೋಗ್ಬೇಡಿ. ಆ ಅಧ್ಯಾಯಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಅಮೆರಿಕದ ಒಂದು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಹೋಗಿ ಬರೋಣ.

ಕಳೆದ ಶನಿವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಇಬ್ಬರು ತಮ್ಮಂದಿರು ಮೆಟ್ಟಿಲ ಮೇಲೆ ಟೀ ಲೋಟ ಹಿಡ್ಕೊಂಡು ಜೋರಾಗಿ ವಾದ ಮಾಡ್ತಿದ್ರು. ಏನೋ ವಾಕ್ಯದ ವಿಷಯ ಇರಬೇಕು ಅಂತ ನಾನು ಸಂತೋಷಪಟ್ಟೆ. ಹತ್ತಿರ ಹೋದ್ರೆ ಮೊಬೈಲ್‌ನಲ್ಲಿ ಹಳೇ ವಿಡಿಯೋ ಒಂದು ಓಡ್ತಿತ್ತು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್. ಒಬ್ಬ ಆಟಗಾರ ಇನ್ನೊಬ್ಬನಿಗೆ ಕಾಲು ಅಡ್ಡ ಕೊಟ್ಟು ಬೀಳಿಸ್ತಾನೆ. ಒಬ್ಬ ತಮ್ಮ ಕೇಳಿದ, "ಪಾಸ್ಟರ್, ಮೂರು ಸಲ ಮಾಡಿದವನಿಗೆ ಒಂದೇ ಮ್ಯಾಚ್ ಸಸ್ಪೆಂಡ್. ಇದು ನ್ಯಾಯಾನಾ?" ಇನ್ನೊಬ್ಬ ಅಂದ, "ಇಪ್ಪತ್ತೊಂದು ವರ್ಷದ ಹುಡುಗ ಪಾಸ್ಟರ್, ಆವೇಶದಲ್ಲಿ ಆಗಿಹೋಯ್ತು. ಎಷ್ಟು ದಿನ ಅಂತ ಅವನನ್ನ ಶಿಲುಬೆಗೆ ಹಾಕ್ತಾರೆ?" ಇಬ್ಬರೂ ನನ್ನ ಕಡೆ ತಿರುಗಿ "ನೀವೇ ಹೇಳಿ" ಅಂದ್ರು. ಭಾನುವಾರ ಹೇಳ್ತೀನಿ ಅಂತ ಹೇಳಿ ತಪ್ಪಿಸ್ಕೊಂಡೆ. ಈ ವಾರ ಪೂರ್ತಿ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತಾನೂ ಇವತ್ತು ಹೇಳ್ತೀನಿ.

ಮೊದಲು ನಡೆದದ್ದೇನು, ನೋಡೋಣ. ಆಟಗಾರನ ಹೆಸರು ಗ್ರೇಸನ್ ಆಲನ್. ನಾರ್ತ್ ಕೆರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದ ತಂಡ. ಕೋಚ್ ಮೈಕ್ ಶಶೆಫ್‌ಸ್ಕಿ, ಎಲ್ಲರ ಬಾಯಲ್ಲೂ 'ಕೋಚ್ ಕೆ'. 2016ರ ಫೆಬ್ರವರಿಯಲ್ಲಿ ಲೂಯಿವಿಲ್ ತಂಡದ ಆಟಗಾರನೊಬ್ಬನನ್ನು ಆಲನ್ ಕಾಲು ಕೊಟ್ಟು ಬೀಳಿಸಿದ. ಮೂರು ವಾರ ಕಳೆಯುವುದರೊಳಗೆ ಫ್ಲೋರಿಡಾ ಸ್ಟೇಟ್ ತಂಡದ ಇನ್ನೊಬ್ಬನನ್ನು. ಆಗ ಆ ಲೀಗ್, ಅಂದ್ರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅವನಿಗೆ ಛೀಮಾರಿ ಹಾಕಿತು. ಪಂದ್ಯದಿಂದ ಹೊರಗೆ ಇಡಲಿಲ್ಲ. ಅದೇ ವರ್ಷ ಡಿಸೆಂಬರ್ 21ರಂದು ಈಲಾನ್ ಎಂಬ ಚಿಕ್ಕ ವಿಶ್ವವಿದ್ಯಾಲಯದ ತಂಡದ ಮೇಲೆ ಆಡುವಾಗ ಸ್ಟೀವನ್ ಸಾಂಟಾ ಆನಾ ಅನ್ನುವ ಆಟಗಾರನಿಗೆ ಮೂರನೇ ಸಲ ಅದೇ ಕೆಲಸ. ಟೆಕ್ನಿಕಲ್ ಫೌಲ್ ಕೊಟ್ಟರು. ಬೆಂಚ್‌ಗೆ ಕೂರಿಸಿದಾಗ ಅವನು ಕೂಗಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಪಂದ್ಯ ಮುಗಿದ ಮೇಲೆ ಎದುರಾಳಿಯ ಹತ್ತಿರ ಹೋಗಿ ಕ್ಷಮೆ ಕೇಳಿದ. ಡ್ರೆಸ್ಸಿಂಗ್ ರೂಮಿನಲ್ಲಿ ಅತ್ತ. ಮರುದಿನ ಕೋಚ್ ಕೆ ಅವನನ್ನು ಅನಿರ್ದಿಷ್ಟ ಕಾಲಕ್ಕೆ ಸಸ್ಪೆಂಡ್ ಮಾಡಿದರು. ಕ್ಯಾಪ್ಟನ್ ಸ್ಥಾನವೂ ಹೋಯ್ತು.

ಆ 'ಅನಿರ್ದಿಷ್ಟ ಕಾಲ' ಎಷ್ಟಾಯ್ತು ಗೊತ್ತಾ? ಒಂದು ಪಂದ್ಯ. ಡಿಸೆಂಬರ್ 31ರಂದು ವರ್ಜೀನಿಯಾ ಟೆಕ್ ವಿರುದ್ಧ ಅವನು ಆಡಲಿಲ್ಲ. ಡ್ಯೂಕ್ 89–75ರಿಂದ ಸೋತಿತು. ಜನವರಿ 4ರಂದು ಅವನು ವಾಪಸ್ ಅಂಕಣಕ್ಕೆ ಇಳಿದ.

ಅಲ್ಲಿಂದ ಶುರುವಾಯ್ತು ಜನರ ಪಂಚಾಯ್ತಿ. ಎದುರಾಳಿ ತಂಡಗಳ ಅಭಿಮಾನಿಗಳು, "ನಮ್ಮ ಹುಡುಗ ಮಾಡಿದ್ರೆ ಸೀಸನ್ ಪೂರ್ತಿ ಹೊರಗೆ ಹಾಕ್ತಿದ್ರು" ಅಂದ್ರು. ಡ್ಯೂಕ್ ಅಭಿಮಾನಿಗಳು, "ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟಕ್ಕೆ ಇಷ್ಟು ಗಲಾಟೆನಾ?" ಅಂದ್ರು. ಕೆಲವರು, ಲೀಗ್ ಶಿಕ್ಷಿಸಬೇಕಿತ್ತು, ಕೋಚ್ ಕೈಗೆ ಬಿಡಬಾರದಿತ್ತು ಅಂದ್ರು. ಇನ್ನು ಕೆಲವರು, ಮಗನನ್ನು ತಿದ್ದೋದು ತಂದೆಯ ಕೆಲಸ, ಬೀದಿಯವರದ್ದಲ್ಲ ಅಂದ್ರು. ಪ್ರಿಯರೇ, ಈ ನಾಲ್ಕು ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಅದಕ್ಕೇ ವಾದ ಮುಗಿಯೋದಿಲ್ಲ.

ಈ ಆಟ ಹುಟ್ಟಿದ್ದು ಹೇಗೆ ಅಂತ ನಿಮಗೆ ಗೊತ್ತಿರಲಿ. 1891ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ವೈಎಂಸಿಎ ತರಬೇತಿ ಶಾಲೆಯೊಂದರಲ್ಲಿ. ಕಂಡುಹಿಡಿದವರು ಜೇಮ್ಸ್ ನೈಸ್ಮಿತ್, ದೇವತಾಶಾಸ್ತ್ರ ಓದಿದ ಮನುಷ್ಯ. ಚಳಿಗಾಲದಲ್ಲಿ ಒಳಗೆ ಕೂತು ಚಡಪಡಿಸುತ್ತಿದ್ದ ಯುವಕರಿಗೆ ಒಂದು ಆಟ ಬೇಕಿತ್ತು. ಫುಟ್‌ಬಾಲ್ ತರಹ ಮೈಮೇಲೆ ಬೀಳುವ ಆಟ ಬೇಡವಾಗಿತ್ತು. ಅದಕ್ಕೇ ಚೆಂಡು ಹಿಡಿದು ಓಡಬಾರದು ಅಂತ ನಿಯಮ ಮಾಡಿದರು; ಓಡದವನನ್ನು ಕೆಡವುವ ಅಗತ್ಯ ಯಾರಿಗೂ ಇಲ್ಲವಲ್ಲ. ಬುಟ್ಟಿಯನ್ನು ತಲೆಗಿಂತ ಮೇಲೆ ಕಟ್ಟಿದರು. ಅಲ್ಲಿಗೆ ಜೋರಾಗಿ ಎಸೆದರೆ ಪ್ರಯೋಜನ ಇಲ್ಲ, ಮೆಲ್ಲಗೆ ಎಸೀಬೇಕು. ಅಂದರೆ ಕೋಪವನ್ನು ಹತೋಟಿಯಲ್ಲಿಡೋದು ಈ ಆಟಕ್ಕೆ ಆಮೇಲೆ ಸೇರಿಸಿದ ನೀತಿಪಾಠ ಅಲ್ಲ. ಆಟ ಕಟ್ಟಿದ್ದೇ ಅದರ ಮೇಲೆ.

ನೈಸ್ಮಿತ್ ಬರೆದದ್ದು 13 ನಿಯಮ. ಐದನೆಯದರಲ್ಲೇ, ತಳ್ಳೋದು, ಹಿಡಿಯೋದು, ಹೊಡೆಯೋದರ ಜೊತೆಗೆ ಕಾಲು ಕೊಟ್ಟು ಬೀಳಿಸೋದನ್ನೂ ಹೆಸರಿಸಿ ನಿಷೇಧಿಸಿದ್ದಾರೆ. ಮೊದಲನೇ ಸಲ ಮಾಡಿದರೆ ಫೌಲ್. ಎರಡನೇ ಸಲ ಮಾಡಿದರೆ ಮುಂದಿನ ಗೋಲ್ ಆಗುವವರೆಗೆ ಹೊರಗೆ. ಬೇಕಂತಲೇ ಪೆಟ್ಟು ಮಾಡಲು ಹೋದದ್ದು ಸ್ಪಷ್ಟವಾದರೆ ಇಡೀ ಪಂದ್ಯಕ್ಕೆ ಹೊರಗೆ, ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಹಾಗೂ ಇಲ್ಲ. ಇದನ್ನು ಗಮನಿಸಿ. ಮೂರು ವಿಷಯ ಅಲ್ಲಿವೆ: ಎಷ್ಟನೇ ಸಲ, ಉದ್ದೇಶ ಏನು, ಮತ್ತು ಬೆಲೆ ಯಾರು ಕೊಡಬೇಕು. ತಪ್ಪು ಮಾಡಿದವನ ಜೊತೆ ಅವನ ತಂಡವೂ ಒಬ್ಬ ಕಡಿಮೆಯಾಗಿ ಆಡಬೇಕು.

ಇವತ್ತು ಕಾಲೇಜು ಆಟದಲ್ಲಿ ಫ್ಲಾಗ್ರಂಟ್ 1, ಫ್ಲಾಗ್ರಂಟ್ 2 ಅಂತ ಎರಡು ದರ್ಜೆ ಇದೆ. ಅಗತ್ಯ ಮೀರಿ ಒರಟಾಗಿ ಆಡಿದರೆ ಒಂದು. ತೀರಾ ಅಪಾಯಕಾರಿಯಾದರೆ ಎರಡು, ಆಗ ಆಟಗಾರ ಹೊರಗೆ. ಅಂಪೈರ್ ನೋಡೋದು ಕಾಲನ್ನು. ಆ ಕಾಲು ಅಲ್ಲಿಗೆ ಯಾಕೆ ಹೋಯ್ತು, ಮೂರನೇ ಸಲ ಯಾಕೆ ಹೋಯ್ತು, ಇದನ್ನ ಸೀಟಿ ಊದಿ ಸರಿ ಮಾಡೋಕಾಗಲ್ಲ. ದಂಡ ಬೇರೆ, ಶಿಸ್ತು ಬೇರೆ. ದಂಡಕ್ಕೆ ತಪ್ಪು ಕಂಡರೆ ಸಾಕು. ಶಿಸ್ತಿಗೆ ಮನುಷ್ಯ ಕಾಣಬೇಕು.

ಸರಿ, ಈಗ ಇನ್ನೊಂದು ಪಂದ್ಯ. 1992ರ ಮಾರ್ಚ್ 28. ಅದೇ ಡ್ಯೂಕ್, ಅದೇ ಕೋಚ್ ಕೆ. ಎದುರಾಳಿ ಕೆಂಟಕಿ. ಕಾಲೇಜು ಬ್ಯಾಸ್ಕೆಟ್‌ಬಾಲಿನ ಅತ್ಯುತ್ತಮ ಪಂದ್ಯ ಅಂತ ಇವತ್ತಿಗೂ ಅನೇಕರು ಹೇಳೋದು ಇದನ್ನೇ. ಡ್ಯೂಕ್‌ನ ಕ್ರಿಶ್ಚಿಯನ್ ಲೇಟ್ನರ್, ಕೆಳಗೆ ಬಿದ್ದಿದ್ದ ಅಮಿನು ಟಿಂಬರ್ಲೇಕ್ ಎಂಬ ಕೆಂಟಕಿ ಆಟಗಾರನ ಎದೆಯ ಮೇಲೆ ಕಾಲಿಟ್ಟ. ಟೆಕ್ನಿಕಲ್ ಫೌಲ್ ಬಂತು, ಅಷ್ಟೇ. ಹೊರಗೆ ಕಳಿಸಲಿಲ್ಲ. ಪಂದ್ಯ ಓವರ್‌ಟೈಮ್‌ಗೆ ಹೋಯ್ತು. 2.1 ಸೆಕೆಂಡ್ ಉಳಿದಿದ್ದಾಗ ಅಂಕಣದ ಆ ತುದಿಯಿಂದ ಎಸೆದ ಚೆಂಡನ್ನು ಅದೇ ಲೇಟ್ನರ್ ಹಿಡಿದ, ತಿರುಗಿದ, ಬುಟ್ಟಿಗೆ ಹಾಕಿದ. 104–103. ಅವತ್ತು ಅವನು ಎಸೆದ ಹತ್ತು ಶಾಟ್, ಹತ್ತು ಫ್ರೀ ಥ್ರೋ, ಒಂದೂ ತಪ್ಪಲಿಲ್ಲ. ಡ್ಯೂಕ್ ಆ ವರ್ಷ ಚಾಂಪಿಯನ್ ಆಯ್ತು.

ಅವನನ್ನು ಹೊರಗೆ ಕಳಿಸಿದ್ದಿದ್ರೆ ಆ ಕೊನೆಯ ಶಾಟ್ ಇರ್ತಿರಲಿಲ್ಲ. ಡ್ಯೂಕ್ ಅಭಿಮಾನಿ ಆ ಶಾಟ್ ತೋರಿಸ್ತಾನೆ. ಕೆಂಟಕಿ ಅಭಿಮಾನಿ ಆ ಕಾಲನ್ನ ತೋರಿಸ್ತಾನೆ. ಇಬ್ಬರೂ ನೋಡಿದ್ದು ಒಂದೇ ಪಂದ್ಯ! ಅವರ ಕಣ್ಣಲ್ಲಿ ದೋಷ ಇಲ್ಲ ಪ್ರಿಯರೇ. ದೋಷ ತಕ್ಕಡಿಯಲ್ಲಿದೆ. ಧರ್ಮೋಪದೇಶಕಾಂಡ 25ರಲ್ಲಿ ದೇವರು ತನ್ನ ಜನರಿಗೆ, ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬೇಡಿ ಅಂತಾನೆ. ಅದು ಸಂತೆಯ ವ್ಯಾಪಾರಿಗೆ ಮಾತ್ರ ಹೇಳಿದ ಮಾತು ಅಂದ್ಕೊಂಡಿದ್ದೀರಾ? ನಮ್ಮ ತಂಡದವನು ಮಾಡಿದ್ರೆ 'ಆವೇಶ', ಎದುರು ತಂಡದವನು ಮಾಡಿದ್ರೆ 'ಅವನ ಬುದ್ಧಿನೇ ಅಷ್ಟು'. ಇವು ಎರಡು ಕಲ್ಲು. ನಮ್ಮೆಲ್ಲರ ಚೀಲದಲ್ಲೂ ಇವೆ.

ಹಾಗಾದ್ರೆ ತೂಕ ಹಾಕೋ ಕೆಲಸ ಕೋಚ್‌ಗೇ ಬಿಟ್ಟುಬಿಡೋಣ ಅಂತೀರಾ? ಕೋಚ್ ಕೆ ಅವರು ಸೈನ್ಯದ ವೆಸ್ಟ್ ಪಾಯಿಂಟ್ ಅಕಾಡೆಮಿಯಲ್ಲಿ ಆಡಿದ್ದು ಬಾಬ್ ನೈಟ್ ಅವರ ಕೈಕೆಳಗೆ. ನೈಟ್ ಆಮೇಲೆ ಇಂಡಿಯಾನಾಗೆ ಹೋಗಿ ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಶಿಸ್ತು ಅಂದ್ರೆ ನೈಟ್ ಅನ್ನುವಷ್ಟು ಹೆಸರು. ಅದೇ ಮನುಷ್ಯ 1985ರ ಫೆಬ್ರವರಿಯಲ್ಲಿ ಪರ್ಡ್ಯೂ ವಿರುದ್ಧದ ಪಂದ್ಯದ ಮಧ್ಯೆ ಕುರ್ಚಿ ಎತ್ತಿ ಅಂಕಣಕ್ಕೆ ಎಸೆದರು. ಶಿಕ್ಷೆ ಒಂದು ಪಂದ್ಯ. ವರ್ಷಗಳ ನಂತರ, ಅಭ್ಯಾಸದ ವೇಳೆ ತಮ್ಮದೇ ಆಟಗಾರನ ಕುತ್ತಿಗೆಗೆ ಕೈ ಹಾಕಿದ ವಿಡಿಯೋ ಟಿವಿಯಲ್ಲಿ ಬಂತು. ವಿಶ್ವವಿದ್ಯಾಲಯ ಕೊನೆಯ ಎಚ್ಚರಿಕೆ ಕೊಟ್ಟಿತು. 2000ದ ಸೆಪ್ಟೆಂಬರ್‌ನಲ್ಲಿ, ವಿದ್ಯಾರ್ಥಿಯೊಬ್ಬನ ತೋಳು ಹಿಡಿದ ದೂರು ಬಂದ ಮೇಲೆ, ಕೆಲಸದಿಂದ ತೆಗೆಯಿತು. ಆಗ ವಿದ್ಯಾರ್ಥಿಗಳು ಬೀದಿಗೆ ಇಳಿದು ಪ್ರತಿಭಟಿಸಿದ್ದು ನೈಟ್ ಪರವಾಗಿ! ಗೆಲುವು ಕೊಟ್ಟವನ ತಪ್ಪು ನಮಗೆ ಬೇಗ ಕಾಣಲ್ಲ. ಇನ್ನೊಬ್ಬರನ್ನ ಶಿಸ್ತಿನಲ್ಲಿ ಇಡೋರನ್ನ ಕೇಳೋರು ಯಾರೂ ಇಲ್ಲದಿದ್ರೆ ಆ ಶಿಸ್ತು ಬರೀ ಭಯ ಆಗಿಬಿಡುತ್ತೆ.

ಇನ್ನು ನೋಡೋರ ವಿಷಯ. 2014ರ ಫೆಬ್ರವರಿಯಲ್ಲಿ ಒಕ್ಲಹೋಮ ಸ್ಟೇಟ್ ತಂಡದ ಮಾರ್ಕಸ್ ಸ್ಮಾರ್ಟ್, ಟೆಕ್ಸಸ್ ಟೆಕ್ ಮೈದಾನದಲ್ಲಿ, ಪಂದ್ಯದ ಕೊನೆಯ ಕ್ಷಣಗಳಲ್ಲಿ ಜನರ ಸಾಲಿನ ಹತ್ತಿರ ಬಿದ್ದ. ಏಳುವಾಗ ಒಬ್ಬ ಪ್ರೇಕ್ಷಕ ಏನೋ ಅಂದ. ಸ್ಮಾರ್ಟ್ ಅವನನ್ನ ತಳ್ಳಿಬಿಟ್ಟ. ಸ್ಮಾರ್ಟ್‌ಗೆ ಮೂರು ಪಂದ್ಯದ ಶಿಕ್ಷೆ. ಅವನು ಎಲ್ಲರ ಮುಂದೆ ಕ್ಷಮೆ ಕೇಳಿದ. ಆ ಪ್ರೇಕ್ಷಕ, ಆ ಸೀಸನ್‌ನಲ್ಲಿ ತನ್ನ ತಂಡದ ಪಂದ್ಯಗಳಿಗೆ ಇನ್ನು ಬರೋದಿಲ್ಲ ಅಂತ ಒಪ್ಪಿಕೊಂಡ. ಅದು ನನಗೆ ಒಳ್ಳೇದಾಗಿ ಕಂಡಿತು. ಯಾಕಂದ್ರೆ ನಾವು ಟಿಕೆಟ್ ತಗೊಂಡು ಕೂತ ತಕ್ಷಣ ನ್ಯಾಯಾಧೀಶರು ಆಗ್ಬಿಡ್ತೀವಿ, ಆಟದ ನಿಯಮ ನಮಗೆ ಅನ್ವಯಿಸಲ್ಲ ಅಂದ್ಕೊಳ್ತೀವಿ. ಕಾಲು ಕೊಟ್ಟು ಬೀಳಿಸೋದು ಬಾಯಿಂದಲೂ ಆಗುತ್ತೆ.

ಈಗ ಎರಡನೆಯ ಸಮುವೇಲ 12ಕ್ಕೆ ಬನ್ನಿ. ನಾತಾನ ಪ್ರವಾದಿ ದಾವೀದನ ಮುಂದೆ ಒಂದು ಕೇಸು ತರ್ತಾನೆ. ಊರಿನಲ್ಲಿ ಒಬ್ಬ ಶ್ರೀಮಂತ, ಒಬ್ಬ ಬಡವ. ಮಂದೆ ಮಂದೆ ಕುರಿ ಇದ್ದ ಶ್ರೀಮಂತ, ಬಡವ ಮಗಳ ಹಾಗೆ ಸಾಕಿದ್ದ ಒಂದೇ ಒಂದು ಕುರಿಮರಿಯನ್ನ ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸಿದ. ಕೇಳಿದ ದಾವೀದನಿಗೆ ರಕ್ತ ಕುದಿಯಿತು. ಅವನು ಸಾಯಬೇಕು, ನಾಲ್ಕರಷ್ಟು ತೆರಬೇಕು ಅಂತ ತೀರ್ಪು ಕೊಟ್ಟ. ನೋಡಿ, ತೀರ್ಪಿನಲ್ಲಿ ತಪ್ಪಿರಲಿಲ್ಲ. ಅರಸನಿಗೆ ನ್ಯಾಯ ಚೆನ್ನಾಗಿ ಗೊತ್ತಿತ್ತು. ಆದರೆ ಆ ನ್ಯಾಯವನ್ನ ಅವನು ಇನ್ನೊಬ್ಬರ ಜೆರ್ಸಿ ಮೇಲೆ ಮಾತ್ರ ಉಪಯೋಗಿಸ್ತಿದ್ದ. ನಾತಾನ ಬೆರಳನ್ನು ಅರಸನ ಕಡೆಗೇ ತಿರುಗಿಸಿದ. ಆಗ ದಾವೀದ ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಅದೇ ತೂಕದ ಕಲ್ಲನ್ನ ತನ್ನ ತಟ್ಟೆಗೂ ಹಾಕಿದ. ವಾದ ಮಾಡಲಿಲ್ಲ.

ಹಾಗಾದ್ರೆ ಪಾಸ್ಟರ್, ಒಂದು ಪಂದ್ಯ ಸಾಕಾ, ಸಾಲದಾ? ತಪ್ಪಿಸ್ಕೊಳ್ಳಲ್ಲ, ಹೇಳ್ತೀನಿ. ಸಾಲದು ಅಂತ ನನ್ನ ಅಭಿಪ್ರಾಯ. ಜನರಿಗೆ ಕೋಪ ಬಂದಿತ್ತು ಅಂತ ಅಲ್ಲ. ಮೂರನೇ ಸಲ ಆದದ್ದು ಆಕಸ್ಮಿಕ ಅಲ್ಲ, ಅಭ್ಯಾಸ. ಅಭ್ಯಾಸ ಎರಡು ವಾರದಲ್ಲಿ ಕಳಚಲ್ಲ. 2018ರ ಮಾರ್ಚ್‌ನಲ್ಲಿ ನಾರ್ತ್ ಕೆರೊಲೈನಾ ವಿರುದ್ಧ ಸೊಂಟದಿಂದ ಗುದ್ದಿ ಮತ್ತೆ ಫ್ಲಾಗ್ರಂಟ್ 1 ಪಡೆದ. 2022ರ ಜನವರಿಯಲ್ಲಿ, ಎನ್‌ಬಿಎ ಸೇರಿದ ಮೇಲೆ, ಅವನ ಒಂದು ಫೌಲ್‌ನಿಂದ ಷಿಕಾಗೋದ ಅಲೆಕ್ಸ್ ಕರೂಸೋ ಮಣಿಕಟ್ಟು ಮುರಿಯಿತು. ಆಗಲೂ ಶಿಕ್ಷೆ ಒಂದೇ ಪಂದ್ಯ. ಆದರೆ ಸೀಸನ್ ಪೂರ್ತಿ ಹೊರಗೆ ಹಾಕಿ ಅಂತ ಕೂಗಿದವರ ಪರವಾಗಿಯೂ ನಾನಿಲ್ಲ. ಅವರಲ್ಲಿ ಅನೇಕರಿಗೆ ಬೇಕಾಗಿದ್ದು ಅವನು ಬದಲಾಗೋದಲ್ಲ, ಅವನು ಇಲ್ಲದಿರೋದು.

ಎಷ್ಟು ಪಂದ್ಯ ಅಂತ ಎಣಿಸೋದಕ್ಕಿಂತ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಒಂದು, ಬಿದ್ದವನ ಹತ್ತಿರ ಮೊದಲು ಹೋದ್ರಾ? ಆಲನ್ ಸಾಂಟಾ ಆನಾ ಹತ್ತಿರ ಹೋದ, ಅದು ಒಳ್ಳೇದು. ಎರಡು, ಶಿಕ್ಷೆ ಕೊಟ್ಟವನಿಗೂ ಅದರಿಂದ ನಷ್ಟ ಆಯ್ತಾ? ಡ್ಯೂಕ್ 14 ಅಂಕದಿಂದ ಸೋತಿತು; ಅದೂ ನಿಜ. ಮೂರು, ಇದೇ ತಪ್ಪನ್ನ ಬೆಂಚಿನ ಕೊನೆಯಲ್ಲಿ ಕೂರುವ, ಯಾರೂ ಹೆಸರು ಕೇಳದ ಹುಡುಗ ಮಾಡಿದ್ರೂ ಇದೇ ಅಳತೆಯಾ? ನಾಲ್ಕು, ವಾಪಸ್ ಬರೋಕೆ ದಾರಿ ಇದೆಯಾ? ಎರಡನೆಯ ಕೊರಿಂಥ 2ರಲ್ಲಿ ಪೌಲನು, ಸಭೆಯ ಶಿಕ್ಷೆ ಅನುಭವಿಸಿದ ಒಬ್ಬನ ಬಗ್ಗೆ ಬರೀತಾನೆ: ಆಗಿದ್ದು ಸಾಕು, ಇನ್ನು ಕ್ಷಮಿಸಿ ಸಂತೈಸಿ, ಇಲ್ಲದಿದ್ರೆ ದುಃಖದಲ್ಲೇ ಮುಳುಗಿಹೋಗ್ತಾನೆ ಅಂತ. ಅಂದ್ರೆ ಶಿಸ್ತಿಗೆ ಒಂದು ಆರಂಭ ಇರಬೇಕು, ಒಂದು ಕೊನೆ ಇರಬೇಕು, ಕೊನೆಯಲ್ಲಿ ಬಾಗಿಲು ತೆಗೆದು ಕಾಯೋರು ಇರಬೇಕು.

ಈ ಪ್ರಶ್ನೆ ನನ್ನನ್ನ ಯಾಕೆ ಬಿಡಲಿಲ್ಲ, ಹೇಳ್ತೀನಿ ಅಂದಿದ್ದೆ. ಕೆಲವು ವರ್ಷದ ಹಿಂದೆ, ಆರಾಧನೆಯ ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರು ಹುಡುಗರು ಪಾರ್ಕಿಂಗ್‌ನಲ್ಲಿ ಕೈ ಕೈ ಮಿಲಾಯಿಸಿದರು. ಒಬ್ಬ ಡ್ರಮ್ಸ್ ನುಡಿಸೋನು. ಇನ್ನೊಬ್ಬ ಕುರ್ಚಿ ಜೋಡಿಸೋನು, ಕೊನೆಗೆ ಲೈಟ್ ಆರಿಸಿ ಹೋಗೋನು. ತಪ್ಪು ಇಬ್ಬರದ್ದೂ ಸಮ. ಮೂರು ತಿಂಗಳು ಯಾವ ಸೇವೆಯೂ ಬೇಡ ಅಂತ ಇಬ್ಬರಿಗೂ ಹೇಳಿದೆ. ಎರಡನೇ ವಾರಕ್ಕೆ ಕನ್ವೆನ್ಷನ್ ಬಂತು. ಡ್ರಮ್ಸ್‌ಗೆ ಬೇರೆ ಯಾರೂ ಸಿಗಲಿಲ್ಲ. "ಅವನು ಪಶ್ಚಾತ್ತಾಪ ಪಟ್ಟಿದ್ದಾನೆ" ಅಂತ ಎಲ್ಲರ ಮುಂದೆ ಹೇಳಿ ಅವನನ್ನ ಸ್ಟೇಜಿಗೆ ಹತ್ತಿಸಿದೆ. ಕುರ್ಚಿ ಜೋಡಿಸೋಕೆ ಬೇಕಾದಷ್ಟು ಜನ ಇದ್ರು. ಆ ಹುಡುಗನನ್ನ ಮರೆತೆ. ಕನ್ವೆನ್ಷನ್ ಮುಗಿದ ರಾತ್ರಿ ಗೇಟ್ ಹತ್ತಿರ ಕಾದು ನಿಂತಿದ್ದ. "ಪಾಸ್ಟರ್, ನನ್ನ ತಪ್ಪು ದೊಡ್ಡದಾಗಿತ್ತಾ, ಇಲ್ಲಾ ಅವನ ಡ್ರಮ್ಸ್ ದೊಡ್ಡದಾಗಿತ್ತಾ?" ಅಂತ ಕೇಳಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡೋಣ ಅಂದೆ. ಉತ್ತರ ಇಲ್ಲದಾಗ ಪಾಸ್ಟರ್‌ಗಳು ಹಾಗೇ ಮಾಡ್ತೀವಿ. ಅವನು ಆಮೇಲೆ ನಮ್ಮ ಸಭೆಗೆ ಬರಲಿಲ್ಲ.

ಮೆಟ್ಟಿಲ ಮೇಲೆ ನೀವಿಬ್ಬರೂ "ನೀವೇ ಹೇಳಿ" ಅಂದಾಗ ನನಗೆ ಕಂಡಿದ್ದು ಆ ಅಮೆರಿಕದ ಆಟಗಾರ ಅಲ್ಲ. ಆ ಗೇಟು. ನಾನು ಯಾರ ಜೊತೆ ಕೋಚ್ ಕೆ ಬಗ್ಗೆ ತೀರ್ಪು ಕೊಡಲಿ? ನನಗೂ ಒಂದು ಪಂದ್ಯ ಗೆಲ್ಲಬೇಕಿತ್ತು, ಅಷ್ಟೇ. ಗುರುವಾರ ಆ ತಮ್ಮನ ಹಳೇ ನಂಬರ್‌ಗೆ ಫೋನ್ ಮಾಡಿದೆ. ಸಿಕ್ಕಿದ. ಉತ್ತರ ಹೇಳಿದೆ: "ಅವನ ಡ್ರಮ್ಸ್ ದೊಡ್ಡದಾಗಿತ್ತು ಕಣೋ. ತಪ್ಪು ನನ್ನದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಪಾಸ್ಟರ್" ಅಂದ. ಬರ್ತೀನಿ ಅನ್ನಲಿಲ್ಲ. ಬರಲೇಬೇಕು ಅಂತ ಕೇಳೋ ಹಕ್ಕು ನನಗೂ ಇಲ್ಲ. ಅವನಿಗಾಗಿ ಪ್ರಾರ್ಥಿಸಿ, ನನಗಾಗಿಯೂ.

ಅದಕ್ಕೇ ಪ್ರಿಯ ಯೌವನಸ್ಥರೇ, ಆಟ ನೋಡಿ, ವಾದ ಮಾಡಿ, ಬೇಡ ಅನ್ನಲ್ಲ. ನ್ಯಾಯದ ಬಗ್ಗೆ ವಾದ ಮಾಡೋ ಮನಸ್ಸು ದೇವರು ಕೊಟ್ಟಿದ್ದೇ. ಆದರೆ ಮುಂದಿನ ಸಲ ಬಾಯಿ ತೆರೆಯೋಕೆ ಮುಂಚೆ ಆ ವಿಡಿಯೋದಲ್ಲಿರೋ ಜೆರ್ಸಿಗಳನ್ನ ಮನಸ್ಸಿನಲ್ಲೇ ಅದಲು ಬದಲು ಮಾಡಿ ನೋಡಿ. ನಿಮ್ಮ ತೀರ್ಪು ಬದಲಾಯ್ತಾ? ಬದಲಾದ್ರೆ ನಿಮ್ಮ ಹತ್ತಿರ ಇರೋದು ಎರಡು ಕಲ್ಲು. ಈ ವಾರ ಅದರಲ್ಲಿ ಒಂದನ್ನ ಎಸೆದುಬಿಡಿ. ಆಫೀಸಿನಲ್ಲಿ, ಹಾಸ್ಟೆಲಿನಲ್ಲಿ, ಮನೆಯಲ್ಲಿ ನಿಮ್ಮ ಕಾಲು ತಗುಲಿ ಬಿದ್ದವರು ಯಾರಾದ್ರೂ ಇದ್ರೆ, ಫೋನ್ ನಂಬರ್ ಹುಡುಕಿ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ಇನ್ನೊಬ್ಬರ ತಪ್ಪು ನಮಗೆ ಸ್ಪಷ್ಟವಾಗಿ ಕಾಣುತ್ತೆ. ನಮ್ಮ ಕಾಲು ಎಲ್ಲಿದೆ ಅಂತ ನೋಡೋ ಬೆಳಕು ಕೊಡು. ಶಿಕ್ಷೆ ಕೊಡೋ ಸ್ಥಾನದಲ್ಲಿ ಇರೋರಿಗೆ ಒಂದೇ ತಕ್ಕಡಿ ಕೊಡು. ಬಿದ್ದವರನ್ನ ಎತ್ತು. ಬೀಳಿಸಿದವರನ್ನ ತಿದ್ದು, ತಿದ್ದಿದ ಮೇಲೆ ಮನೆಗೆ ಕರೆದುಕೋ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.